ಸ್ಕೋಪಿ ನಾರ್ಮಲ್ ಬಂತು, ಮುಂದೆ?

(ಶಿರಸಿಯಲ್ಲಿ ಸಾರ್ವಜನಿಕರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ. ಮಾತಿನಲ್ಲಿ ಬರುವ ರೋಗಿಗಳು ಇಂಥವರೇ ಎಂದು ಇಲ್ಲ. ವಿಷಯ ತಿಳಿಯಲಿ ಎಂದು ಕಟ್ಟಿಕೊಂಡ ಉದಾಹರಣೆಗಳು.)

ಶುರುವಿಗೇ ಒಂದು ಪ್ರಶ್ನೆ ಕೇಳಿದೆ: ಯಾರ ಮನೆಯಲ್ಲಿ ಗ್ಯಾಸ್ಟ್ರಿಕ್ ಗುಳಿಗೆ ಇಲ್ಲ? ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ನಮ್ಮನೆಯಲ್ಲಿ ಜೀರಿಗೆ ಕಷಾಯವೇ ಸಾಕು" ಅಂದರು. ಒಳ್ಳೆಯದೇ. ಕಷಾಯ, ತಂಬುಳಿ, ಮುರುಗಲು ಹಣ್ಣಿನ ನೀರು ಇವುಗಳಿಗೆ ನನ್ನ ತಕರಾರಿಲ್ಲ. ಗುಳಿಗೆಗೂ ಇಲ್ಲ. ಎರಡರಿಂದಲೂ ಹೊಟ್ಟೆ ತಣ್ಣಗಾಗುತ್ತದೆ. ನನ್ನ ಮಾತು ಹೊಟ್ಟೆ ತಣ್ಣಗಾದ ಮೇಲೆ ಏನು ಎಂಬುದರ ಬಗ್ಗೆ, ಸಾಮಾನ್ಯ ಹೊಟ್ಟೆ ತೊಂದರೆಯ ವೇಷದಲ್ಲಿ ಅಡಗಿರುವ ಗಡ್ಡೆಗಳ ಬಗ್ಗೆ.

ಮೊದಲು ಸಮಾಧಾನದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ, ಇವುಗಳ ಹಿಂದೆ ಬಹುಪಾಲು ಇರುವುದು ಸಾಮಾನ್ಯ ತೊಂದರೆಗಳೇ. ಆಸಿಡ್, ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಪಿತ್ತಕೋಶದ ಕಲ್ಲು, ಐಬಿಎಸ್ (ಗಡ್ಡೆ ಹುಣ್ಣು ಏನಿಲ್ಲದೆ ಕರುಳು ಸುಮ್ಮನೆ ಕಿರಿಕಿರಿ ಮಾಡುವ ತೊಂದರೆ). ನಾನು ಹೇಳಹೊರಟಿರುವ ಗಡ್ಡೆಗಳು ಅಪರೂಪ. ಎಷ್ಟು ಅಪರೂಪ? ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಗಡ್ಡೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 10ರಿಂದ 15 ಮಂದಿಗೆ ಬರುತ್ತದೆ. ಹೊಟ್ಟೆಯೊಳಗೆಲ್ಲ ಲೋಳೆ ತುಂಬಿಸುವ ಸ್ಯೂಡೋಮಿಕ್ಸೋಮಾ ಎಂಬುದು ಹತ್ತು ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ. ನಮ್ಮ ಉತ್ತರ ಕನ್ನಡದ ಜನಸಂಖ್ಯೆ 2011ರ ಜನಗಣತಿಯಲ್ಲಿ 14 ಲಕ್ಷ 37 ಸಾವಿರ. ಹೊರದೇಶದ ಆ ಲೆಕ್ಕವನ್ನೇ ಇಲ್ಲಿಗೆ ಹಾಕಿ ನೋಡಿದರೆ, ಹಳಿಯಾಳದಿಂದ ಭಟ್ಕಳದವರೆಗೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಹದಿನೈದಿಪ್ಪತ್ತು ಜಿಸ್ಟ್, ಒಂದೆರಡು ಸ್ಯೂಡೋಮಿಕ್ಸೋಮಾ ಆಗಬಹುದು.

ಇದನ್ನು ಇನ್ನೊಂದು ಕಡೆಯಿಂದ ನೋಡಿ. ಹಳ್ಳಿಯಲ್ಲಿ ಕೂತ ವೈದ್ಯರು ದಿನಕ್ಕೆ ಹತ್ತಾರು ಹೊಟ್ಟೆನೋವು ನೋಡುತ್ತಾರೆ. ಜೀವಮಾನವಿಡೀ ಕೆಲಸ ಮಾಡಿದರೂ ಅವರ ಮುಂದೆ ಇಂಥ ಗಡ್ಡೆ ಬರುವುದು ಬೆರಳೆಣಿಕೆಯಷ್ಟು ಸಲ. ಆ ಒಂದು ಸಲ ಬಂದಾಗ ಅದು ಉಳಿದೆಲ್ಲ ಹೊಟ್ಟೆನೋವಿನ ವೇಷದಲ್ಲೇ ಬಂದಿರುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲಿ ಗ್ಯಾಸ್ಟ್ರಿಕ್ ಗುಳಿಗೆ ಬರೆದುಕೊಟ್ಟ ವೈದ್ಯರನ್ನು ನಾನು ದೂರುವುದಿಲ್ಲ. ನಾನಾದರೂ ಅದನ್ನೇ ಬರೆಯುತ್ತೇನೆ. ಐದನೇ ಭೇಟಿಯಲ್ಲೂ ಅದೇ ಗುಳಿಗೆ ಬರೆದರೆ ಮಾತ್ರ ಮಾತಾಡಬೇಕಾಗುತ್ತದೆ.

ಈ ವೇಷ ಯಾಕೆ? ಹೊಟ್ಟೆಗೆ ಮಾತು ಕಡಿಮೆ. ಕೈಗೆ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಯೂ ಜಾಗ ತೋರಿಸಬಹುದು. ಒಳಗಿನ ಅಂಗಗಳ ನರಗಳು ಅಷ್ಟು ನಿಖರವಲ್ಲ. ಜಠರ, ಪಿತ್ತಕೋಶ, ಮೇದೋಜೀರಕ ಗ್ರಂಥಿ ಇವುಗಳಲ್ಲಿ ಎಲ್ಲಿ ತೊಂದರೆಯಾದರೂ ನೋವು ಗೊತ್ತಾಗುವುದು ಎದೆಗುಂಡಿಗೆಯ ಕೆಳಗೆ, ನಡುಮಧ್ಯೆ. ಸಣ್ಣಕರುಳಿನದಾದರೆ ಹೊಕ್ಕುಳ ಸುತ್ತ. ದೊಡ್ಡಕರುಳಿನದಾದರೆ ಕಿಬ್ಬೊಟ್ಟೆಯಲ್ಲಿ. ಅಷ್ಟೇ. ಗಡ್ಡೆಯ ಹತ್ತಿರವೂ ಜಾಸ್ತಿ ಉಪಾಯಗಳಿಲ್ಲ: ದಾರಿ ಕಟ್ಟುತ್ತದೆ, ರಕ್ತ ಸೋರಿಸುತ್ತದೆ, ಪಕ್ಕದ್ದನ್ನು ಒತ್ತುತ್ತದೆ, ಇಲ್ಲವೇ ರಕ್ತಕ್ಕೆ ಹಾರ್ಮೋನು ಬಿಡುತ್ತದೆ. ಈ ನಾಲ್ಕರಲ್ಲಿ ಯಾವುದಾದರೂ ಹೊರಗೆ ಕಾಣುವುದು ಅಜೀರ್ಣವಾಗಿ, ಸುಸ್ತಾಗಿ, ಉಬ್ಬರವಾಗಿ, ಭೇದಿಯಾಗಿ. ಹೊಸ ರೋಗಕ್ಕೆ ಹೊಸ ಲಕ್ಷಣ ಇರುತ್ತದೆ ಎಂದು ಕಾದರೆ ಕಾಯುತ್ತಲೇ ಇರಬೇಕು.

ತದಡಿ ಕಡೆಯ ಒಬ್ಬ ಅಕ್ಕ ಎಂದಿಟ್ಟುಕೊಳ್ಳೋಣ. ವಯಸ್ಸು ಐವತ್ತೆಂಟು, ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಇತ್ತೀಚೆಗೆ ದಿಬ್ಬ ಹತ್ತಿದರೆ ಏದುಸಿರು. ಹೊಟ್ಟೆ ಸ್ವಲ್ಪ ಭಾರ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7. ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಮೂರು ತಿಂಗಳಲ್ಲಿ 9 ಆಯಿತು, ಎಲ್ಲರಿಗೂ ಖುಷಿ. ಗುಳಿಗೆ ನಿಂತಿತು, ಮತ್ತೆ 7. ಆಮೇಲೆ ಕ್ಯಾಮೆರಾ ಇರುವ ಕೊಳವೆ ಹಾಕಿ ಒಳಗೆ ನೋಡುವ ಎಂಡೋಸ್ಕೋಪಿ ಆಯಿತು, ನಾರ್ಮಲ್. ಕೊಲೊನೋಸ್ಕೋಪಿ ಆಯಿತು, ಅದೂ ನಾರ್ಮಲ್. "ಎಲ್ಲ ನಾರ್ಮಲ್ ಬಂತಲ್ಲ ಅಕ್ಕ, ಸರಿಯಾಗಿ ಊಟ ಮಾಡು" ಎಂದು ನೆರೆಹೊರೆಯವರೂ ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಬಾಯಿಯಿಂದ ಹಾಕುವ ಎಂಡೋಸ್ಕೋಪಿ ನೋಡುವುದು ಅನ್ನನಾಳ, ಜಠರ, ಅದರಾಚೆ ಡುಯೋಡಿನಮ್, ಅಂದರೆ ಸಣ್ಣಕರುಳಿನ ಶುರುವಿನ ತುಂಡು, ಅದರ ಎರಡನೇ ಭಾಗದವರೆಗೆ. ಕೆಳಗಿನಿಂದ ಹಾಕುವ ಕೊಲೊನೋಸ್ಕೋಪಿ ದೊಡ್ಡಕರುಳು ಮುಗಿಸಿ, ಸಣ್ಣಕರುಳಿನ ಕೊನೆಯ ತುದಿಯಷ್ಟನ್ನು ಇಣುಕುತ್ತದೆ. ನಡುವೆ ಉಳಿದದ್ದು ಸುಮಾರು 6 ಮೀಟರ್ ಸಣ್ಣಕರುಳು. ಇಪ್ಪತ್ತು ಅಡಿ! ಅದನ್ನು ಯಾರೂ ನೋಡಿಯೇ ಇಲ್ಲ. ಎರಡೂ ವರದಿ ಸುಳ್ಳು ಹೇಳಿಲ್ಲ. ನೋಡಿದ ಕಡೆ ಎಲ್ಲ ಸರಿಯಾಗಿದೆ ಎಂದಷ್ಟೇ ಹೇಳಿವೆ.

ಸ್ಕೋಪಿ ಹೋಗುವ ಜಾಗದಲ್ಲೂ ಒಂದು ಕುರುಡು ಮೂಲೆ ಇದೆ. ಸ್ಕೋಪಿಗೆ ಕಾಣುವುದು ಒಳಪದರ ಮಾತ್ರ. ಜಿಸ್ಟ್ ಹುಟ್ಟುವುದು ಅದರ ಕೆಳಗಿನ ಸ್ನಾಯುವಿನ ಪದರದಲ್ಲಿ. ಎಷ್ಟೋ ಸಲ ಅದು ಒಳಗೆ ಚಾಚದೆ ಹೊರಗಡೆಗೆ ಬೆಳೆಯುತ್ತದೆ. ಮೇಲಿನ ಪದರ ನುಣ್ಣಗೆ ಇರುತ್ತದೆ. ಮನೆಯ ತೊಲೆಗೆ ಬಣ್ಣ ಹೊಡೆದಿದ್ದರೆ ಒಳಗಿನ ಗೆದ್ದಲು ಕಾಣುತ್ತದೆಯೇ? ಹಾಗೆ. ಸ್ಕೋಪಿಯಲ್ಲಿ ಸಣ್ಣ ಉಬ್ಬು ಕಂಡು ಚೂರು ತೆಗೆದರೂ, ಆ ಚಿಮಟ ಕೀಳುವುದು ಮೇಲಿನ ಪದರವನ್ನೇ. ಬಯಾಪ್ಸಿಯೂ ನಾರ್ಮಲ್ ಎಂದೇ ಬರುತ್ತದೆ. ಆಗ ಬೇಕಾದದ್ದು ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಬೇರೆ ಬಗೆಯ ಎಂಡೋಸ್ಕೋಪಿ. ಅದು ಗೋಡೆಯ ಪದರಗಳನ್ನು ಒಂದೊಂದಾಗಿ ತೋರಿಸುತ್ತದೆ, ಅದರ ಮೂಲಕವೇ ಸೂಜಿ ಹಾಕಿ ಸರಿಯಾದ ಪದರದ ಚೂರು ತೆಗೆಯಬಹುದು.

ಆ ಅಕ್ಕನಿಗೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಅಂಗಗಳು ಎದ್ದು ಕಾಣಲು ಕೊಡುವ ದ್ರವ) ಕೊಟ್ಟು ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿದರು. ಸಣ್ಣಕರುಳಿನ ಗೋಡೆಗೆ ಅಂಟಿಕೊಂಡು ಒಂದು ಗಡ್ಡೆ. ಅದೇ ಅಷ್ಟು ದಿನ ಗುಟ್ಟಾಗಿ ರಕ್ತ ಸೋರಿಸುತ್ತಿತ್ತು. ಜಿಸ್ಟ್‌ಗಳಲ್ಲಿ ನೂರಕ್ಕೆ ಸುಮಾರು 60 ಜಠರದಲ್ಲಿ, 30ರಷ್ಟು ಸಣ್ಣಕರುಳಿನಲ್ಲಿ ಇರುತ್ತವೆ.

ಮಲದ ಬಣ್ಣದ ವಿಷಯವನ್ನೂ ಇಲ್ಲೇ ಹೇಳಬೇಕು. ಸಭೆಯಲ್ಲಿ ಮುಜುಗರ ಪಟ್ಟುಕೊಂಡರೆ ನನ್ನ ಕೆಲಸ ನಡೆಯುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಮಲ ಕಪ್ಪಾಗುತ್ತದೆ. ಕಬ್ಬಿಣದ ಗುಳಿಗೆ ತಿಂದರೂ ಕಪ್ಪಾಗುತ್ತದೆ. ಅಂದರೆ ರಕ್ತ ಹೋಗುತ್ತಿರುವ ಗುರುತನ್ನು, ರಕ್ತ ಹೋದದ್ದಕ್ಕೆ ಕೊಟ್ಟ ಔಷಧಿಯೇ ಮುಚ್ಚಿಬಿಡುತ್ತದೆ. ವ್ಯತ್ಯಾಸ ಹೀಗೆ: ಕಬ್ಬಿಣದ ಕಪ್ಪಿನಲ್ಲಿ ಹಸಿರು ಛಾಯೆ ಇರುತ್ತದೆ, ಮಲ ಸಾಮಾನ್ಯವಾಗಿ ಗಟ್ಟಿ. ರಕ್ತದ ಕಪ್ಪು ರಸ್ತೆಗೆ ಹಾಕುವ ಡಾಂಬರಿನಂತೆ ಹೊಳೆಯುತ್ತದೆ, ಅಂಟುತ್ತದೆ, ವಾಸನೆ ಬೇರೆಯೇ, ನೀರು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ಅನುಮಾನವಿದ್ದರೆ ಹೇಳಿ. ನಾಚಿಕೆ ಬೇಡ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, ಕಬ್ಬಿಣ ಕೊಡುವುದರ ಜೊತೆಗೆ ರಕ್ತ ಎಲ್ಲಿ ಹೋಯಿತು ಎಂದು ಹುಡುಕಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಜಿಸ್ಟ್‌ನ ಕಥೆ ನನಗೆ ಇಷ್ಟ, ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ. ಕರುಳು ತನ್ನಷ್ಟಕ್ಕೆ ಮಿಡಿಯುವಂತೆ ತಾಳ ಹಾಕುವ ಒಂದು ಜಾತಿಯ ಜೀವಕೋಶಗಳಿವೆ. ಸ್ಪೇನಿನ ಕಹಾಲ್ ಎಂಬ ವಿಜ್ಞಾನಿ ಅವುಗಳನ್ನು ವರ್ಣಿಸಿದ್ದರು, 1906ರ ನೊಬೆಲ್ ಪಡೆದವರು. ಜಿಸ್ಟ್ ಆ ಕೋಶಗಳ ಸಂಬಂಧಿ. ಹಳೆಯ ಕಾಲದಲ್ಲಿ ಇದನ್ನು ಸ್ನಾಯುವಿನ ಗಡ್ಡೆ ಎಂದೇ ಬರೆಯುತ್ತಿದ್ದರು. ಕೀಮೋ ಕೊಟ್ಟರೆ ಜಗ್ಗುತ್ತಿರಲಿಲ್ಲ. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ಕಿಟ್ ಎಂಬ ಜೀನ್‌ನಲ್ಲಿ ಆಗುವ ಬದಲಾವಣೆಯೇ ಇದರ ಬೇರು ಎಂದು ತೋರಿಸಿದರು. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಗಡ್ಡೆ ಹರಡಿದ್ದ ಒಬ್ಬ ಮಹಿಳೆಗೆ ಇಮ್ಯಾಟಿನಿಬ್ ಗುಳಿಗೆ ಕೊಟ್ಟರು. ಅದು ಒಂದು ಬಗೆಯ ರಕ್ತ ಕ್ಯಾನ್ಸರಿಗೆಂದು ತಯಾರಾಗಿದ್ದ ಔಷಧಿ. ಗಡ್ಡೆ ಕರಗತೊಡಗಿತು. 2002ರಲ್ಲಿ ಅಮೆರಿಕದಲ್ಲಿ ಜಿಸ್ಟ್‌ಗೂ ಅನುಮತಿ ಸಿಕ್ಕಿತು. ಮುಂದೆ 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಇದೇ ಔಷಧಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಹಾಗಾಗಿ ಭಾರತದ ಕಂಪನಿಗಳು ಮಾಡಿದ ಅಗ್ಗದ ಗುಳಿಗೆ ಈ ಊರಿನ ರೋಗಿಗೂ ದಕ್ಕುತ್ತಿದೆ. ಮದ್ದು ಇರುವ ರೋಗ ಇದು. ತಡವಾಗಿ ಗೊತ್ತಾದರೆ ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನೊಂದು ಜಾತಿ ನ್ಯೂರೋಎಂಡೋಕ್ರೈನ್ ಗಡ್ಡೆಗಳು, ಹಾರ್ಮೋನು ಮಾಡುವ ಕೋಶಗಳಲ್ಲಿ ಹುಟ್ಟುವಂಥವು. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ಇದು ಬಂದಿದೆ ಎಂದು ತಾವೇ ತಿಳಿಸಿದ್ದರಿಂದ ಹೆಸರು ಕೇಳಿರುತ್ತೀರಿ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಮೇದೋಜೀರಕ ಗ್ರಂಥಿಯಲ್ಲಿದ್ದದ್ದೂ ಇದೇ ಜಾತಿಯದು. 2003ರಲ್ಲಿ ಕಿಡ್ನಿ ನೋಡಲು ಮಾಡಿದ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಕಂಡಿತು. ಇವು ನಿಧಾನವಾಗಿ ಬೆಳೆಯುತ್ತವೆ. ಅದರಿಂದಲೇ ವರ್ಷಗಟ್ಟಲೆ ಐಬಿಎಸ್ ಎಂಬ ಹೆಸರಿನಡಿ ಬದುಕಿಕೊಂಡಿರುತ್ತವೆ. ಸಣ್ಣಕರುಳಿನಲ್ಲಿ ಹುಟ್ಟಿದವು ಸೆರೊಟೋನಿನ್‌ನಂಥ ರಸಗಳನ್ನು ಬಿಡುತ್ತವೆ. ಲಿವರ್ ಅದನ್ನು ಒಡೆದುಹಾಕುತ್ತದೆ, ಅಲ್ಲಿಯವರೆಗೆ ಏನೂ ಗೊತ್ತಾಗುವುದಿಲ್ಲ. ಗಡ್ಡೆ ಲಿವರಿಗೇ ಹರಡಿದಾಗ ರಸ ನೇರ ರಕ್ತಕ್ಕೆ ಸೇರುತ್ತದೆ. ಆಗ ಭೇದಿ, ಮುಖ ಕೆಂಪಾಗಿ ಬಿಸಿಯಾಗುವುದು, ಕೆಲವರಿಗೆ ಉಬ್ಬಸ. ಐವತ್ತರ ಹೆಂಗಸಿಗೆ ಹೀಗಾದರೆ ಏನಾಗುತ್ತದೆ ನೋಡಿ: ಮುಖ ಬಿಸಿಯಾಗುವುದಕ್ಕೆ ಮುಟ್ಟು ನಿಲ್ಲುವ ವಯಸ್ಸು ಎಂದು ಒಬ್ಬರು, ಭೇದಿಗೆ ಐಬಿಎಸ್ ಎಂದು ಇನ್ನೊಬ್ಬರು, ಉಬ್ಬಸಕ್ಕೆ ಅಸ್ತಮಾ ಎಂದು ಮತ್ತೊಬ್ಬರು. ಮೂರು ಚೀಟಿ, ಮೂರು ಅಂಗಡಿ. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರಿಲ್ಲ.

ಐಬಿಎಸ್‌ನ ಭೇದಿ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ಬೆಳಿಗ್ಗೆ ಗಡಿಬಿಡಿ ಮಾಡುತ್ತದೆ, ಊಟವಾದ ಕೂಡಲೇ ಓಡಿಸುತ್ತದೆ, ರಾತ್ರಿ ಸುಮ್ಮನಿರುತ್ತದೆ. ಹಾರ್ಮೋನಿನ ಭೇದಿಗೆ ಹಗಲು ರಾತ್ರಿ ಇಲ್ಲ. ಏಕಾದಶಿ ಉಪವಾಸ ಮಾಡಿದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ತಿಂದದ್ದರಿಂದ ಆದದ್ದಲ್ಲ. ರಾತ್ರಿ ಎರಡು ಗಂಟೆಗೆ ಭೇದಿಗೆ ಏಳುತ್ತೇನೆ ಎಂಬ ಒಂದು ವಾಕ್ಯ ವೈದ್ಯರಿಗೆ ಹತ್ತು ಪರೀಕ್ಷೆಗಿಂತ ಜಾಸ್ತಿ ಹೇಳುತ್ತದೆ.

ಪತ್ತೆಗೆ 24 ಗಂಟೆಯ ಮೂತ್ರ ಹಿಡಿದು, ಸೆರೊಟೋನಿನ್ ಒಡೆದಾಗ ಉಳಿಯುವ ಒಂದು ವಸ್ತುವನ್ನು ಅಳೆಯುತ್ತಾರೆ. ಇಲ್ಲಿ ನಮ್ಮ ಸೀಮೆಯವರಿಗೆ ವಿಶೇಷ ಎಚ್ಚರಿಕೆ ಇದೆ. ಬಾಳೆಹಣ್ಣು, ಅನಾನಸು, ಟೊಮೆಟೊ ತಿಂದರೂ ಆ ಅಂಕಿ ಏರುತ್ತದೆ. ಬನವಾಸಿಯ ಅನಾನಸು ತಿಂದು, ಮೇಲೆ ನಾಲ್ಕು ಬಾಳೆಹಣ್ಣು ತಿಂದು ಮೂತ್ರ ಹಿಡಿದರೆ ಇಲ್ಲದ ಗಡ್ಡೆ ಇದ್ದಂತೆ ಕಾಣಬಹುದು. ಎರಡು ಮೂರು ದಿನ ಮೊದಲಿನಿಂದಲೇ ಇವನ್ನು ಬಿಡಬೇಕು. ರಕ್ತದಲ್ಲಿ ಕ್ರೋಮೋಗ್ರಾನಿನ್ ಎಂಬುದನ್ನೂ ನೋಡುತ್ತಾರೆ. ಅದಕ್ಕೆ ಅಡ್ಡ ಬರುವುದು ಯಾವುದು ಗೊತ್ತೇ? ನಮ್ಮ ನಿಮ್ಮ ಅದೇ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್! ಗ್ಯಾಸ್ಟ್ರಿಕ್ ಗುಳಿಗೆ ನುಂಗುವವರಲ್ಲಿ ಅದು ಸುಳ್ಳಾಗಿ ಏರಿರುತ್ತದೆ. ಯಾವ ಗುಳಿಗೆ ತಿನ್ನುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ "ಏನಿಲ್ಲ, ಬರೀ ಗ್ಯಾಸ್ಟ್ರಿಕ್‌ದು" ಎಂದು ಅದನ್ನು ಲೆಕ್ಕಕ್ಕೇ ಹಿಡಿಯದವರು ಬಹಳ. ಅದೂ ಔಷಧಿಯೇ. ಹೇಳಿ.

ಅದೇ ಗುಳಿಗೆ ಇನ್ನೊಂದು ರೋಗವನ್ನು ಪೂರ್ತಿ ಮರೆಮಾಡುತ್ತದೆ. 1955ರಲ್ಲಿ ಅಮೆರಿಕದ ಒಹಾಯೊದಲ್ಲಿ ಜೋಲಿಂಜರ್, ಎಲಿಸನ್ ಎಂಬ ಇಬ್ಬರು ಶಸ್ತ್ರವೈದ್ಯರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಹುಣ್ಣು ಇರಬಾರದ ಜಾಗದಲ್ಲಿ, ಸಣ್ಣಕರುಳಿನಲ್ಲಿ ಹುಣ್ಣು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಆ ಗಡ್ಡೆ ಬಿಡುವ ಗ್ಯಾಸ್ಟ್ರಿನ್ ಹಾರ್ಮೋನು ಜಠರಕ್ಕೆ ಬಿಡುವಿಲ್ಲದೆ ಆಸಿಡ್ ಮಾಡಿಸುತ್ತದೆ. ಈಗಿನ ಗುಳಿಗೆಗಳು ಎಷ್ಟು ಗಟ್ಟಿ ಎಂದರೆ ಈ ಆಸಿಡನ್ನೂ ಅಡಗಿಸುತ್ತವೆ. ರೋಗಿ ಆರಾಮ, ಗಡ್ಡೆಯೂ ಆರಾಮ. ಹೆಲಿಕೋಬ್ಯಾಕ್ಟರ್ ಇಲ್ಲ, ನೋವಿನ ಗುಳಿಗೆ ತಿನ್ನುವ ಅಭ್ಯಾಸ ಇಲ್ಲ, ಆದರೂ ಹುಣ್ಣು ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಭೇದಿ, ಅದೂ ಆಸಿಡ್ ಅಡಗಿಸುವ ಗುಳಿಗೆಯಿಂದ ನಿಲ್ಲುವ ಭೇದಿ. ಇಷ್ಟು ಕೂಡಿದರೆ ಗ್ಯಾಸ್ಟ್ರಿನ್ ಅಳೆಸಬೇಕು. ಮನೆಯಲ್ಲಿ ಯಾರಿಗಾದರೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯಿಡ್ ಗ್ರಂಥಿಗಳ ತೊಂದರೆ, ಪದೇ ಪದೇ ಕಿಡ್ನಿ ಕಲ್ಲು ಇದ್ದರೆ ಅದನ್ನೂ ಹೇಳಬೇಕು. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಇದು ವಂಶದಲ್ಲಿ ಬಂದಿರುತ್ತದೆ. ಒಂದು ಮಾತು: ಪರೀಕ್ಷೆಗೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ಈ ರೋಗವಿದ್ದವರು ಒಮ್ಮೆಲೇ ನಿಲ್ಲಿಸಿದರೆ ಹುಣ್ಣು ತೂತಾಗಬಹುದು.

ಅಪೆಂಡಿಕ್ಸ್ ಬಗ್ಗೆ ಎರಡೇ ಮಾತು. ಸ್ಯೂಡೋಮಿಕ್ಸೋಮಾ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಲೋಳೆ ಮಾಡುವ ಸಣ್ಣ ಗಡ್ಡೆ ಒಡೆದು, ಹೊಟ್ಟೆಯ ಒಳಗೆಲ್ಲ ಜೆಲ್ಲಿಯಂಥದ್ದು ತುಂಬುತ್ತಾ ಹೋಗುತ್ತದೆ. ವ್ಯಕ್ತಿ ಬೆಲ್ಟಿನ ತೂತು ಬದಲಿಸುತ್ತಾನೆ, ಕೂತು ಕೂತು ಹೊಟ್ಟೆ ಬಂತು ಎಂದುಕೊಳ್ಳುತ್ತಾನೆ. ತೋಳು ಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಬೆಳೆದರೆ ಅದು ಕೊಬ್ಬಲ್ಲ. ಎಷ್ಟೋ ಸಲ ಹರ್ನಿಯಾ ಆಪರೇಷನ್ ಮಾಡುವಾಗ ಲೋಳೆ ಕಂಡು ಗೊತ್ತಾಗುತ್ತದೆ. ಅಪೆಂಡಿಕ್ಸ್ ತೆಗೆಸಿದವರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಥಾಲಜಿಗೆ ಕಳಿಸಿದ್ದಾರಾ ಎಂದು ಕೇಳಿ. ದುಡ್ಡು ಉಳಿಸಲು ಎಂದು ಬಿಡಿಸಬೇಡಿ. ಹೊರಗಿನಿಂದ ಸಾಮಾನ್ಯ ಉರಿಯೂತದಂತೆ ಕಂಡದ್ದರೊಳಗೆ ಸಣ್ಣ ಗಡ್ಡೆ ಇರುವುದು ಉಂಟು.

ಇನ್ನು ಕ್ಷಯ. ಹೊರದೇಶದ ಪುಸ್ತಕ ಓದಿ ಮಾತಾಡುವವರು ಇದನ್ನು ಬಿಟ್ಟುಬಿಡುತ್ತಾರೆ. ಜಗತ್ತಿನ ಕ್ಷಯದಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದೆ, ಅದು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಹೊಟ್ಟೆಯ ಕ್ಷಯ ಎಂದರೆ ಜ್ವರ, ತೂಕ ಇಳಿತ, ಹೊಟ್ಟೆಯಲ್ಲಿ ನೀರು, ಕರುಳಿನ ಗೋಡೆ ದಪ್ಪ, ದುಗ್ಧ ಗ್ರಂಥಿಗಳು ದೊಡ್ಡವು. ಕರುಳಿನ ಲಿಂಫೋಮಾದಲ್ಲೂ (ದುಗ್ಧ ಕೋಶಗಳ ಕ್ಯಾನ್ಸರ್) ಇಷ್ಟೇ. ಹೊಟ್ಟೆಯ ಪೊರೆಗೆ ಹರಡಿದ ಕ್ಯಾನ್ಸರಿನಲ್ಲೂ ಇಷ್ಟೇ. ಸ್ಕ್ಯಾನ್ ನೋಡಿ ಇದೇ ಎಂದು ಹೇಳುವುದು ಕಷ್ಟ.

ಎರಡೂ ಕಡೆಗೆ ಎಡವಬಹುದು. ಇಪ್ಪತ್ತಾರರ ಒಬ್ಬ ಹುಡುಗಿ, ಹೊಟ್ಟೆಯಲ್ಲಿ ನೀರು, ರಕ್ತದಲ್ಲಿ ಸಿಎ-125 ಏರಿದೆ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಒಂದು ಪ್ರೋಟೀನು ಅದು. ಇಂಟರ್ನೆಟ್ ನೋಡಿದ ಅಣ್ಣ ಅಂಡಾಶಯದ ಕ್ಯಾನ್ಸರ್ ಎಂದು ನಿರ್ಧರಿಸಿ, ಮನೆಯಲ್ಲಿ ಅಳು ಶುರುವಾಗಿದೆ. ಹೊಟ್ಟೆಯ ಕ್ಷಯದಲ್ಲೂ ಸಿಎ-125 ಜೋರಾಗಿ ಏರುತ್ತದೆ. ಆ ನೀರು ತೆಗೆದು ಪರೀಕ್ಷಿಸಿ, ಬೇಕಾದರೆ ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ) ಪೊರೆಯ ಚೂರು ತೆಗೆದು ನೋಡಿದರೆ ಕ್ಷಯ ಎಂದಾಗಬಹುದು. ಆರು ತಿಂಗಳ ಔಷಧಿ, ಸರ್ಕಾರದಿಂದ ಉಚಿತ, ಮುಗಿಯಿತು. ಇನ್ನೊಂದು ಕಡೆ, ಚೂರು ತೆಗೆಯದೆ ಅಂದಾಜಿನ ಮೇಲೆ ಕ್ಷಯದ ಔಷಧಿ ಶುರು ಮಾಡಿದ ನಲವತ್ತರ ಗಂಡಸು. ಎರಡು ತಿಂಗಳಾಯಿತು, ತೂಕ ಇಳಿಯುತ್ತಲೇ ಇದೆ. "ಕೋರ್ಸ್ ಮುಗೀಲಿ" ಎಂದು ಕಾಯುತ್ತಾರೆ. ಕಾಯಬಾರದು. ಔಷಧಿ ಸರಿಯಾಗಿ ತಿಂದೂ ಎರಡು ತಿಂಗಳಲ್ಲಿ ಜ್ವರ ಇಳಿದಿಲ್ಲ, ಹಸಿವು ಬಂದಿಲ್ಲ, ತೂಕ ಏರಿಲ್ಲ ಎಂದರೆ ಮತ್ತೆ ಮೊದಲಿನಿಂದ ನೋಡಬೇಕು, ಈ ಸಲ ಚೂರು ತೆಗೆದು. ಮದ್ದಿಗೆ ಬಗ್ಗದ ಕ್ಷಯ ಇರಬಹುದು, ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇರಬಹುದು, ಲಿಂಫೋಮಾ ಇರಬಹುದು.

ತೂಕದ ಮಾತು ಬಂತು. ನಮ್ಮಲ್ಲಿ ತೂಕ ಬರೆದಿಟ್ಟುಕೊಳ್ಳುವವರೇ ಕಡಿಮೆ. ಅಡಿಕೆ ತೂಕ ಗ್ರಾಮಿನವರೆಗೆ ನೆನಪಿರುತ್ತದೆ, ತಮ್ಮ ತೂಕ ಕೇಳಿದರೆ "ಐವತ್ತೋ ಅರವತ್ತೋ" ಎನ್ನುತ್ತಾರೆ! ಯಂತ್ರ ಇಲ್ಲದಿದ್ದರೆ ಬಳೆ ಸಡಿಲವಾಯಿತೇ, ಉಂಗುರ ಜಾರುತ್ತಿದೆಯೇ, ರವಿಕೆ ಹೊಲಿಗೆ ಹಾಕಿಸಬೇಕಾಯಿತೇ ಎಂದು ನೋಡಿ. ಡಯಟ್ ಮಾಡದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಕೈಗೆ ಸಿಗುವ ಗಡ್ಡೆ, ಐವತ್ತರ ನಂತರ ಹೊಸದಾಗಿ ಶುರುವಾದ ಅಜೀರ್ಣ. ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂಬ ಚೀಟಿ ಅಂಟಿಸುವ ಮೊದಲು ಹುಡುಕಬೇಕು. ಐವತ್ತು ದಾಟಿದ ಹೆಂಗಸಿಗೆ ದಿನಾ ಹೊಟ್ಟೆ ಉಬ್ಬರ, ಎರಡು ತುತ್ತಿಗೆ ಹೊಟ್ಟೆ ತುಂಬಿದ ಹಾಗೆ ಆದರೆ ಅಂಡಾಶಯ ನೋಡಿಸಿ. ಅದು ಅಪರೂಪದ ಗಡ್ಡೆಯಲ್ಲ, ಆದರೆ ಗ್ಯಾಸಿನ ಹೆಸರಿನಲ್ಲಿ ಅಡಗುವುದರಲ್ಲಿ ಎಲ್ಲಕ್ಕಿಂತ ಮುಂದೆ. ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವವರಿಗೂ ಹೇಳುತ್ತೇನೆ: ಕೈಗೆ ಗಡ್ಡೆ ಸಿಕ್ಕಿದ ಮೇಲೆ ಒತ್ತಿಸಬೇಡಿ. ಜಿಸ್ಟ್ ಒಡೆದರೆ ಆಮೇಲೆ ಚಿಕಿತ್ಸೆಯೇ ಕಷ್ಟವಾಗುತ್ತದೆ.

ನಮ್ಮ ಜಿಲ್ಲೆಯ ಕಷ್ಟ ನಿಮಗೆ ನಾನು ಹೇಳಬೇಕಿಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಇಂಥ ರೋಗಕ್ಕೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ ಹೋಗುವುದು ನಡೆದೇ ಇದೆ. ಮಳೆಗಾಲದಲ್ಲಿ ಅದೂ ಸುಲಭವಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋದದ್ದು ಯಾರಿಗೂ ಮರೆತಿಲ್ಲ. ಇಷ್ಟು ದೂರ ಹೋಗುವುದಾದರೆ ಕೈಯಲ್ಲಿ ಸರಿಯಾದ ಸಾಮಾನು ಇರಲಿ. ಸ್ಕ್ಯಾನ್ ವರದಿಯ ಕಾಗದ ಸಾಲದು, ಸಿಡಿ ಬೇಕು. ಕಾಗದದಲ್ಲಿರುವುದು ಒಬ್ಬರ ಅಭಿಪ್ರಾಯ. ಸಿಡಿಯಲ್ಲಿ ಚಿತ್ರಗಳೇ ಇರುತ್ತವೆ, ಅಲ್ಲಿನವರು ತಾವೇ ನೋಡಬಹುದು. ಇನ್ನೊಂದು, ಸ್ಕ್ಯಾನ್ ಚೀಟಿಯಲ್ಲಿ ಬರೀ "ಹೊಟ್ಟೆನೋವು" ಎಂದಿದ್ದರೆ ರೇಡಿಯಾಲಜಿಸ್ಟ್ ಏನನ್ನು ಹುಡುಕಬೇಕು? ಎರಡು ವರ್ಷದಿಂದ ಭೇದಿ, ಮುಖ ಕೆಂಪಾಗುತ್ತದೆ ಎಂದು ಬರೆಸಿ. ನ್ಯೂರೋಎಂಡೋಕ್ರೈನ್ ಗಡ್ಡೆಗಳು ಕಾಂಟ್ರಾಸ್ಟ್ ಹಾಕಿದ ಮೊದಲ ಅರ್ಧ ನಿಮಿಷದ ಆಸುಪಾಸಿನಲ್ಲಿ ಚೆನ್ನಾಗಿ ಮಿನುಗಿ ಆಮೇಲೆ ಮಂಕಾಗಬಹುದು. ಅದು ಗೊತ್ತಿದ್ದರೆ ಆ ಹೊತ್ತಿನ ಚಿತ್ರವನ್ನೂ ತೆಗೆಯುತ್ತಾರೆ.

ಇನ್ನು ಪ್ರಶ್ನೆಗಳು.

"ಡಾಕ್ಟ್ರೇ, ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದೆ, ಏನಿಲ್ಲ ಅಂದ್ರು. ಮತ್ತೆ ಎಂಥ ಸಿಟಿ?" ಎಂದು ಒಬ್ಬರು ಕೇಳಿದರು. ಹೊಟ್ಟೆ ಸ್ಕ್ಯಾನ್ ಎಂದರೆ ಅಲ್ಟ್ರಾಸೌಂಡ್. ಪಿತ್ತಕೋಶದ ಕಲ್ಲಿಗೆ, ಲಿವರಿಗೆ, ಹೊಟ್ಟೆಯ ನೀರಿಗೆ ಅದು ಒಳ್ಳೆಯ ಪರೀಕ್ಷೆ. ಆದರೆ ಗಾಳಿ ದಾಟಿ ಅದಕ್ಕೆ ಕಾಣುವುದಿಲ್ಲ. ಕರುಳಿನಲ್ಲಿ ಗಾಳಿ ಇದ್ದೇ ಇರುತ್ತದೆ, ಮೇದೋಜೀರಕ ಗ್ರಂಥಿ ಕೂತಿರುವುದು ಅದರ ಹಿಂದೆ. ವರದಿಯ ಮೂಲೆಯಲ್ಲಿ ಗಾಳಿಯಿಂದಾಗಿ ಪ್ಯಾಂಕ್ರಿಯಾಸ್ ಸರಿಯಾಗಿ ಕಂಡಿಲ್ಲ ಎಂದು ಬರೆದಿರುತ್ತಾರೆ. ಆ ಸಾಲನ್ನು ಓದಿ.

"ಹಾಗಾದರೆ ಎಲ್ಲರಿಗೂ ಪೆಟ್ ಸ್ಕ್ಯಾನ್ ಮಾಡಿಸಿಬಿಟ್ಟರೆ ಆಯ್ತಲ್ಲ?" ಬೇಡ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಗುತ್ತದೆ, ಅದೂ ವಿಕಿರಣ ಹೊಡೆಸಿಕೊಂಡು. ಸಾಮಾನ್ಯ ಪೆಟ್ ಸ್ಕ್ಯಾನ್ ನೋಡುವುದು ಸಕ್ಕರೆ ಜಾಸ್ತಿ ತಿನ್ನುವ ಕೋಶಗಳನ್ನು. ನಿಧಾನವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆ ಅದರಲ್ಲಿ ಕಾಣದೆಯೂ ಹೋಗಬಹುದು. ಅದಕ್ಕೆ ಗ್ಯಾಲಿಯಂ ಬಳಸುವ ಬೇರೆ ಪೆಟ್ ಇದೆ. ಕ್ಷಯವಾದರೋ ಸಾಮಾನ್ಯ ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಅನುಮಾನ ಏನೆಂದು ಮೊದಲು ಗೊತ್ತಿರಬೇಕು, ಆಮೇಲೆ ಯಂತ್ರ.

ಅಡಿಕೆ ತಿಂದರೆ ಇವೆಲ್ಲ ಬರುತ್ತದಾ ಎಂದು ಕೇಳಿದವರೊಬ್ಬರು. ಶಿರಸಿಯಲ್ಲಿ ನಿಂತು ಅಡಿಕೆಯ ಬಗ್ಗೆ ಮಾತಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ! ಅಡಿಕೆ ಜಗಿಯುವುದು ಬಾಯಿಗೆ ಕೆಟ್ಟದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಜಿಸ್ಟ್ ಬರುವುದು ಕೋಶದೊಳಗಿನ ಜೀನ್ ಬದಲಾವಣೆಯಿಂದ. ಏನು ತಿಂದು ಹೀಗಾಯಿತು ಎಂದು ರೋಗಿಯನ್ನು ಮನೆಯವರು ಬೈಯುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಕೇಳಿದ್ದು, ಸೂಜಿ ಚುಚ್ಚಿದರೆ, ಬಯಾಪ್ಸಿ ಮಾಡಿದರೆ ಗಡ್ಡೆ ಹರಡುವುದಿಲ್ಲವೇ ಎಂದು. ಈ ಭಯದಿಂದ ಎಷ್ಟೋ ಜನ ತಿಂಗಳುಗಟ್ಟಲೆ ಕೂತುಬಿಡುತ್ತಾರೆ. ಸಾಮಾನ್ಯವಾಗಿ ಹಾಗೆ ಹರಡುವುದಿಲ್ಲ. ಸುಲಭಕ್ಕೆ ತೆಗೆಯಬಹುದಾದ ಜಿಸ್ಟ್ ಎಂದು ಸ್ಕ್ಯಾನ್‌ನಲ್ಲೇ ಬಹುತೇಕ ಗೊತ್ತಾದರೆ ನೇರ ಆಪರೇಷನ್ ಮಾಡುವುದುಂಟು, ಅದನ್ನು ಶಸ್ತ್ರವೈದ್ಯರು ತೀರ್ಮಾನಿಸುತ್ತಾರೆ. ಆಪರೇಷನ್ ಆಗುವಂತಿಲ್ಲ, ಗುಳಿಗೆ ಕೊಡಬೇಕು ಎಂದಾದರೆ ಚೂರು ಬೇಕೇ ಬೇಕು. ಆ ಚೂರಿಗೆ ವಿಶೇಷ ಬಣ್ಣ ಹಾಕಿ ಜಿಸ್ಟ್ ಹೌದೋ ಅಲ್ಲವೋ ನೋಡುತ್ತಾರೆ, ಜೀನ್‌ನ ಯಾವ ಭಾಗದಲ್ಲಿ ಬದಲಾವಣೆ ಇದೆ ಎಂದೂ ನೋಡುತ್ತಾರೆ. ಕೆಲವು ಬಗೆಗೆ ಇಮ್ಯಾಟಿನಿಬ್ ನಾಟುವುದೇ ಇಲ್ಲ. ಇದೆಲ್ಲ ಒಂದೇ ಊರಿನಲ್ಲಿ ಆಗುವುದಿಲ್ಲ. ಆದ್ದರಿಂದ ಮೊದಲು ಬಯಾಪ್ಸಿಯೋ ಆಪರೇಷನ್ನೋ ಆದ ಕಡೆ ಪ್ಯಾಥಾಲಜಿ ವಿಭಾಗಕ್ಕೆ ಹೋಗಿ, ವರದಿಯ ಜೊತೆ ಮೇಣದ ಬ್ಲಾಕ್ ಮತ್ತು ಸ್ಲೈಡ್ ಬೇಕು ಎಂದು ಕೇಳಿ. ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮೇಣದೊಳಗೆ ಆ ಚೂರನ್ನು ಕಾಪಾಡಿ ಇಟ್ಟಿರುತ್ತಾರೆ, ಅರ್ಜಿ ಬರೆದುಕೊಟ್ಟರೆ ಸಹಿ ಮಾಡಿಸಿಕೊಂಡು ಕೊಡುತ್ತಾರೆ. ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.